ತೂಕವಿಲ್ಲದ ತಾಣದಲ್ಲಿ ಕ್ಯಾನ್ಸರ್ ಕೋಶ: ಸಾಯುತ್ತದೆಯೇ, ಬೆಳೆಯುತ್ತದೆಯೇ?

2025ರ ಜೂನ್ 25ರಂದು ಭಾರತದ ಶುಭಾಂಶು ಶುಕ್ಲಾ ಅವರು ಇನ್ನೂ ಮೂವರ ಜತೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯ ಅವರೊಂದಿಗೆ ಹೋಗಿ ಮೊಳಕೆ ಒಡೆದ ಸುದ್ದಿ ಕನ್ನಡಿಗರಿಗೆಲ್ಲ ಗೊತ್ತು. ಆಕ್ಸಿಯಂ-4 ಎಂಬ ಅದೇ ಯಾತ್ರೆಯಲ್ಲಿ ಇನ್ನೊಂದು ಸಾಮಾನೂ ಮೇಲೆ ಹೋಗಿತ್ತು. ಅದು ಕ್ಯಾನ್ಸರ್ ಜೀವಕೋಶಗಳ ಸಣ್ಣ ಉಂಡೆಗಳು. ಸ್ತನ ಕ್ಯಾನ್ಸರಿನಲ್ಲಿ ಔಷಧಕ್ಕೆ ಸುಲಭವಾಗಿ ಬಗ್ಗದ ಒಂದು ಬಗೆಯಿದೆ. ಅದರ ಮೇಲಿನ ಪ್ರಯೋಗಕ್ಕಾಗಿ ಅವನ್ನು ಒಯ್ಯಲಾಗಿತ್ತು.

ರೋಗದ ಕೋಶವನ್ನು ಅಷ್ಟು ಖರ್ಚು ಮಾಡಿ ಆಕಾಶಕ್ಕೆ ಒಯ್ಯುವುದೇಕೆ? ತೂಕವಿಲ್ಲದ ಕಡೆ ಕ್ಯಾನ್ಸರ್ ಕೋಶಕ್ಕೆ ಏನಾಗುತ್ತದೆ?

ಈ ಪ್ರಶ್ನೆಗೆ ಕಳೆದ ಕೆಲವು ವರ್ಷಗಳಲ್ಲಿ ಎರಡು ಬಗೆಯ ಉತ್ತರ ಬಂದಿದೆ. ಆಸ್ಟ್ರೇಲಿಯದ ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕ ಜೋಶುವಾ ಚೌ 2019ರಲ್ಲಿ ಒಂದು ಸಂಗತಿ ತಿಳಿಸಿದರು. ತೂಕವಿಲ್ಲದಂಥ ಸ್ಥಿತಿಯಲ್ಲಿ ಇಟ್ಟ ಕ್ಯಾನ್ಸರ್ ಕೋಶಗಳಲ್ಲಿ ಶೇಕಡಾ 80ರಿಂದ 90ರಷ್ಟು 24 ಗಂಟೆಗಳಲ್ಲೇ ನಿಷ್ಕ್ರಿಯವಾದವು ಎಂಬುದು ಆ ಸಂಗತಿ. 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ವೈದ್ಯವಿಜ್ಞಾನಿಗಳು ಕಂಡದ್ದು ಇದಕ್ಕೆ ವಿರುದ್ಧ. ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ ಕ್ಯಾನ್ಸರ್ ಉಂಡೆಗಳು ಹತ್ತೇ ದಿನದಲ್ಲಿ ಮೂರು ಪಟ್ಟು ದೊಡ್ಡದಾಗಿದ್ದವು.

ಒಬ್ಬರು ಸತ್ತಿತು ಎನ್ನುತ್ತಾರೆ, ಇನ್ನೊಬ್ಬರು ಬೆಳೆಯಿತು ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಿದ್ದರೂ ಮೊದಲನೆಯ ಸುದ್ದಿಯನ್ನಷ್ಟೇ ಹಿಡಿದುಕೊಂಡು ‘ತೂಕ ತೆಗೆದರೆ ಕ್ಯಾನ್ಸರ್ ವಾಸಿ’ ಎಂದು ನಂಬಿದರೆ ರೋಗಿಗಳ ಮನೆಯವರು ಮೋಸ ಹೋಗಬೇಕಾದೀತು. ಆದ್ದರಿಂದ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ತೂಕವಿಲ್ಲ ಎಂದರೇನು?

ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಸರಿಯಲ್ಲ. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಯೂ ಭೂಮಿಯ ಸೆಳೆತ ಇಲ್ಲಿಯ ಸೆಳೆತದ ಹೆಚ್ಚುಕಡಿಮೆ ಶೇಕಡಾ 90ರಷ್ಟು ಇದೆ. ಆದರೂ ಅಲ್ಲಿಯವರು ಗಾಳಿಯಲ್ಲಿ ತೇಲುತ್ತಾರೆ.

ಬಾವಿಗೆ ಇಳಿಸುವ ಕೊಡದೊಳಗೆ ಒಂದು ಕಲ್ಲು ಇದೆ ಎಂದುಕೊಳ್ಳಿ. ಹಗ್ಗ ಹಿಡಿದಿರುವಷ್ಟು ಹೊತ್ತು ಕಲ್ಲು ಕೊಡದ ತಳವನ್ನು ಒತ್ತುತ್ತಿರುತ್ತದೆ. ಹಗ್ಗ ಕಡಿದರೆ ಕೊಡವೂ ಕಲ್ಲೂ ಒಂದೇ ವೇಗದಲ್ಲಿ ಬೀಳುತ್ತವೆ. ನೀರು ಮುಟ್ಟುವವರೆಗಿನ ಆ ಒಂದೆರಡು ಕ್ಷಣ ಕಲ್ಲು ಕೊಡದ ತಳವನ್ನು ಒತ್ತುವುದಿಲ್ಲ. ಆ ಕ್ಷಣದಲ್ಲಿ ಕಲ್ಲಿಗೆ ತೂಕವಿಲ್ಲ. ಜಾತ್ರೆಯ ದೊಡ್ಡ ತೊಟ್ಟಿಲು ಮೇಲಿನಿಂದ ಸರ್ರನೆ ಇಳಿಯುವಾಗ ಹೊಟ್ಟೆಯಲ್ಲಿ ಆಗುವ ಕಚಗುಳಿಯೂ ಇದೇ ಬಗೆಯದು.

ಬಾಹ್ಯಾಕಾಶ ನಿಲ್ದಾಣ ಸದಾ ಹೀಗೆ ಬೀಳುತ್ತಿರುವ ಕೊಡ. ಆದರೆ ಅದು ಗಂಟೆಗೆ ಸುಮಾರು 28 ಸಾವಿರ ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡುತ್ತಿರುವುದರಿಂದ ಬೀಳುತ್ತ ಬೀಳುತ್ತಲೇ ಭೂಮಿಯನ್ನು ಸುತ್ತುತ್ತದೆ, ನೆಲ ಮುಟ್ಟುವುದಿಲ್ಲ. ಒಂದು ಸುತ್ತಿಗೆ ಸುಮಾರು 90 ನಿಮಿಷ, ದಿನಕ್ಕೆ ಸುಮಾರು 16 ಸುತ್ತು. ಒಳಗಿರುವ ಮನುಷ್ಯ, ನೀರಿನ ಹನಿ, ಗಾಜಿನ ಕೊಳವೆಯಲ್ಲಿರುವ ಜೀವಕೋಶ ಎಲ್ಲವೂ ಜತೆಗೇ ಬೀಳುತ್ತಿರುತ್ತವೆ. ಇದನ್ನೇ ವಿಜ್ಞಾನಿಗಳು ಸೂಕ್ಷ್ಮ ಗುರುತ್ವ ಎನ್ನುತ್ತಾರೆ.

ಕಣ್ಣಿಗೆ ಕಾಣದ ಕೋಶಕ್ಕೂ ತೂಕ ಗೊತ್ತೇ?

ಮನುಷ್ಯನ ಒಂದು ಸಾಮಾನ್ಯ ಜೀವಕೋಶದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದರಿಂದ ಐವತ್ತನೇ ಒಂದು ಭಾಗದಷ್ಟು. ಇಷ್ಟು ಸಣ್ಣದಕ್ಕೆ ಭೂಮಿಯ ಸೆಳೆತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಬಹಳ ಕಾಲ ಅನೇಕರು ಎಣಿಸಿದ್ದರು.

ಈ ಎಣಿಕೆಯನ್ನು ಬದಲಿಸಿದ್ದು 1983ರ ಒಂದು ಪ್ರಯೋಗ. ಆ ವರ್ಷದ ನವೆಂಬರಿನಲ್ಲಿ ಕೊಲಂಬಿಯಾ ನೌಕೆಯಲ್ಲಿ ಸ್ಪೇಸ್‌ಲ್ಯಾಬ್-1 ಎಂಬ ಪ್ರಯೋಗಾಲಯ ಮೇಲೆ ಹೋಯಿತು. ಸ್ವಿಟ್ಜರ್ಲೆಂಡಿನ ಅಗಸ್ಟೊ ಕೊಗೊಲಿ ಎಂಬ ವಿಜ್ಞಾನಿ ಅದರಲ್ಲಿ ಮನುಷ್ಯನ ರಕ್ತದ ಬಿಳಿಯ ಕಣಗಳನ್ನು ಕಳಿಸಿದ್ದರು. ರೋಗಾಣು ಬಂದಾಗ ಎಚ್ಚರಗೊಂಡು ಹೋರಾಡುವ ಕಣಗಳಿವು. ಅವನ್ನು ಎಚ್ಚರಿಸುವ ವಸ್ತುವನ್ನು ಬಾಹ್ಯಾಕಾಶದಲ್ಲಿ ಸೇರಿಸಿ ನೋಡಿದರು. ನೆಲದ ಮೇಲೆ ಎಷ್ಟು ಚುರುಕಾಗುತ್ತಿದ್ದವೋ ಅದರ ಶೇಕಡಾ 3ರಷ್ಟೂ ಅಲ್ಲಿ ಆಗಲಿಲ್ಲ. ಒಂಟಿ ಕೋಶಕ್ಕೂ ತೂಕದ ಅರಿವಿದೆ ಎಂಬುದು ಆಗ ಜಗತ್ತಿಗೆ ತಿಳಿಯಿತು.

ಇದಕ್ಕೆ ಕಾರಣ ಕೋಶದೊಳಗಿನ ಕಟ್ಟಡ. ಮದುವೆ ಚಪ್ಪರವನ್ನು ಗಳುಗಳು ಎತ್ತಿ ನಿಲ್ಲಿಸುತ್ತವೆ, ಹಗ್ಗಗಳು ಎಳೆದು ಹಿಡಿಯುತ್ತವೆ. ಕೋಶದೊಳಗೂ ಪ್ರೋಟೀನಿನಿಂದ ಆದ ಇಂಥ ಗಳು, ಹಗ್ಗಗಳಿವೆ. ಇವುಗಳ ತುದಿಗಳು ಕೋಶದ ಹೊರಗಿನ ಆಸರೆಯನ್ನು ಹಿಡಿದುಕೊಂಡಿರುತ್ತವೆ. ಒಳಗಡೆ ಅವು ಕೋಶದ ಕೇಂದ್ರದವರೆಗೆ ಹೋಗುತ್ತವೆ. ವಂಶವಾಹಿಗಳು ಅಂದರೆ ಜೀನ್‌ಗಳು ಇರುವುದು ಅಲ್ಲೇ. ಹೊರಗಿನ ಎಳೆತ, ಒತ್ತಡ ಬದಲಾದರೆ ಹಗ್ಗ ಸಡಿಲಾಗುತ್ತದೆ, ಕೋಶದ ಆಕಾರ ಕೆಡುತ್ತದೆ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಲೆಕ್ಕವೂ ಬದಲಾಗುತ್ತದೆ.

ಇನ್ನೊಂದು ಕಾರಣವೂ ಇದೆ. ನೆಲದ ಮೇಲೆ ಬಿಸಿ ದ್ರವ ಮೇಲಕ್ಕೆ, ತಣ್ಣನೆಯದು ಕೆಳಕ್ಕೆ ಹೋಗುತ್ತ ತಾನಾಗಿಯೇ ಕಲಕುತ್ತದೆ. ಭಾರವಾದದ್ದು ತಳಕ್ಕೆ ಇಳಿಯುತ್ತದೆ. ತೂಕವಿಲ್ಲದ ಕಡೆ ಈ ಎರಡೂ ಆಗುವುದಿಲ್ಲ. ಕೋಶಕ್ಕೆ ಬೇಕಾದ ಆಹಾರ ಹತ್ತಿರ ಬರುವುದೂ ಅದು ಹೊರಹಾಕಿದ ಕಶ್ಮಲ ದೂರ ಹೋಗುವುದೂ ನಿಧಾನವಾಗುತ್ತದೆ.

ತಟ್ಟೆಯಲ್ಲಿ ಚಾಪೆ, ದೇಹದಲ್ಲಿ ಹುತ್ತ

ಕ್ಯಾನ್ಸರಿಗೆ ಗಡಿನಾಡಿನ ಜನ ಹಲವು ಹೆಸರುಗಳನ್ನು ಬಲ್ಲರು. ಕಾಸರಗೋಡು, ವಯನಾಡಿನವರು ಮಲಯಾಳದಲ್ಲಿ ಅರ್ಬುದಂ ಎಂದು ಓದುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ಕರ್ಕರೋಗ. ಕರ್ಕ ಎಂದರೆ ಏಡಿ. ಲ್ಯಾಟಿನ್ನಿನ ಕ್ಯಾನ್ಸರ್ ಪದಕ್ಕೂ ಅದೇ ಅರ್ಥ. ಹೊಸೂರು, ತಾಳವಾಡಿಯವರಿಗೆ ತಮಿಳಿನ ಪುಟ್ರುನೋಯ್ ಪರಿಚಿತ. ಪುಟ್ರು ಎಂದರೆ ಕನ್ನಡದ ಹುತ್ತವೇ. ಒಳಗೊಳಗೇ ಕೊರೆದು, ಪದರ ಪದರವಾಗಿ ಏಳುವ ಹುತ್ತದ ಹಾಗೆ ಬೆಳೆಯುವ ರೋಗ ಎಂಬ ಚಿತ್ರ ಆ ಹೆಸರಿನಲ್ಲಿದೆ.

ದೇಹದೊಳಗಿನ ಕ್ಯಾನ್ಸರ್ ಗಡ್ಡೆ ನಿಜಕ್ಕೂ ಹೀಗೆಯೇ ಇರುತ್ತದೆ. ಅದಕ್ಕೆ ಉದ್ದ, ಅಗಲ, ಎತ್ತರ ಮೂರೂ ಉಂಟು. ಹೊರಪದರದ ಕೋಶಗಳಿಗೆ ಆಹಾರವೂ ಆಮ್ಲಜನಕವೂ ಚೆನ್ನಾಗಿ ಸಿಗುತ್ತವೆ, ಅವು ಭರದಿಂದ ಬೆಳೆಯುತ್ತವೆ. ನಡುವಿನ ಕೋಶಗಳಿಗೆ ಆಮ್ಲಜನಕ ತಲುಪುವುದಿಲ್ಲ. ಅವುಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಅರೆಹೊಟ್ಟೆಯಲ್ಲೇ ಬದುಕಿ ಇನ್ನಷ್ಟು ಗಟ್ಟಿಯಾಗುತ್ತವೆ. ಔಷಧವೂ ಅಲ್ಲಿಯವರೆಗೆ ಸರಿಯಾಗಿ ಹೋಗುವುದಿಲ್ಲ.

ಆದರೆ ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅಲ್ಲಿ ಕೋಶ ತನ್ನ ಭಾರಕ್ಕೆ ತಳಕ್ಕೆ ಇಳಿದು ಅಂಟಿಕೊಂಡು, ಚಾಪೆಯ ಹಾಗೆ ಒಂದೇ ಪದರವಾಗಿ ಹರಡುತ್ತದೆ. ಪ್ರತಿಯೊಂದು ಕೋಶಕ್ಕೂ ಔಷಧ ನೇರವಾಗಿ ತಾಗುತ್ತದೆ. ತಟ್ಟೆಯಲ್ಲಿ ಕ್ಯಾನ್ಸರನ್ನು ಚೆನ್ನಾಗಿ ಕೊಂದ ಎಷ್ಟೋ ಔಷಧಗಳು ರೋಗಿಯ ದೇಹದಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ.

ತೂಕವಿಲ್ಲದ ಕಡೆ ಕೋಶ ತಳಕ್ಕೆ ಇಳಿಯುವುದೇ ಇಲ್ಲ. ದ್ರವದಲ್ಲಿ ತೇಲುತ್ತ ಒಂದಕ್ಕೊಂದು ತಾಗಿ, ಅಂಟಿ, ಉಂಡೆ ಕಟ್ಟುತ್ತವೆ. ಆ ಉಂಡೆಯಲ್ಲಿ ದೇಹದ ಗಡ್ಡೆಯಲ್ಲಿರುವಂತೆಯೇ ಹೊರಪದರ, ಒಳಪದರ, ಆಮ್ಲಜನಕವಿಲ್ಲದ ನಡುಭಾಗ ಎಲ್ಲ ಉಂಟಾಗುತ್ತದೆ. ಇಂಥ ಉಂಡೆಯ ಮೇಲೆ ಔಷಧ ಪರೀಕ್ಷಿಸಿದರೆ ಸಿಗುವ ಫಲಿತಾಂಶ ರೋಗಿಯ ದೇಹಕ್ಕೆ ಹೆಚ್ಚು ಹತ್ತಿರ ಬರುತ್ತದೆ. ಕ್ಯಾನ್ಸರನ್ನು ಮೇಲೆ ಒಯ್ಯುವುದರ ಮುಖ್ಯ ಉದ್ದೇಶ ಇದು.

ನೆಲದ ಮೇಲೆಯೇ ತಿರುಗುವ ಯಂತ್ರ

ಪ್ರತಿ ಸಲವೂ ರಾಕೆಟ್ ಹತ್ತಿಸಲು ಸಾಧ್ಯವಿಲ್ಲ. ಅದಕ್ಕಾಗಿ ನೆಲದ ಮೇಲೆಯೇ ತೂಕದ ಪರಿಣಾಮವನ್ನು ಮರೆಸುವ ಉಪಾಯಗಳನ್ನು ಹುಡುಕಿದ್ದಾರೆ. ಜರ್ಮನಿಯ ಬ್ರೆಮನ್ ನಗರದಲ್ಲಿ 146 ಮೀಟರ್ ಎತ್ತರದ ಗೋಪುರವೊಂದಿದೆ. ಅದರೊಳಗೆ ಪ್ರಯೋಗದ ಪೆಟ್ಟಿಗೆಯನ್ನು ಬೀಳಿಸಿದರೆ ಐದು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಹೊತ್ತು ತೂಕವಿಲ್ಲದ ಸ್ಥಿತಿ ಸಿಗುತ್ತದೆ. ವಿಮಾನವನ್ನು ಕಮಾನಿನಂತೆ ಏರಿಸಿ ಇಳಿಸಿದರೆ ಸುಮಾರು 22 ಸೆಕೆಂಡು. ಕೋಶದ ಬೆಳವಣಿಗೆ ನೋಡಲು ಇದು ಸಾಲದು, ದಿನಗಟ್ಟಲೆ ಬೇಕು.

ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ನಾಸಾದ ಜಾನ್ಸನ್ ಕೇಂದ್ರದ ತಜ್ಞರು 1980ರ ದಶಕದಲ್ಲಿ ತಿರುಗುವ ಪಾತ್ರೆಯೊಂದನ್ನು ರೂಪಿಸಿದರು. ಮುಂದೆ ಗಗನಯಾತ್ರಿಯಾದ ವೈದ್ಯ ಡೇವಿಡ್ ವುಲ್ಫ್ ಅದನ್ನು ರೂಪಿಸಿದವರಲ್ಲಿ ಒಬ್ಬರು. ನೀರು ತುಂಬಿದ ಶೀಶೆಯಲ್ಲಿ ಸ್ವಲ್ಪ ಮರಳು ಹಾಕಿ, ಅಡ್ಡ ಹಿಡಿದು ನಿಧಾನವಾಗಿ ತಿರುಗಿಸುತ್ತಲೇ ಇದ್ದರೆ ಮರಳು ತಳ ಸೇರಲು ಪುರುಸೊತ್ತೇ ಸಿಗುವುದಿಲ್ಲ. ಈ ಪಾತ್ರೆಯ ಕೆಲಸವೂ ಅಷ್ಟೇ. ಕೋಶಗಳು ಬೀಳುತ್ತಲೇ ಇರುತ್ತವೆ, ತಳ ಮುಟ್ಟುವುದಿಲ್ಲ. ಪರಸ್ಪರ ಸೇರಿ ಉಂಡೆಯಾಗುತ್ತವೆ. ಅಂಡಾಶಯ, ಸ್ತನ, ಕರುಳಿನ ಕ್ಯಾನ್ಸರ್ ಕೋಶಗಳನ್ನೆಲ್ಲ ಹೀಗೆ ಬೆಳೆಸಲಾಗಿದೆ. ಬಾಹ್ಯಾಕಾಶಕ್ಕಾಗಿ ಹುಟ್ಟಿದ ಈ ಪಾತ್ರೆ ಈಗ ಅನೇಕ ಸಾಮಾನ್ಯ ಪ್ರಯೋಗಾಲಯಗಳ ಸಲಕರಣೆಯಾಗಿದೆ.

ಇನ್ನೊಂದು ಯಂತ್ರದಲ್ಲಿ ಒಂದರೊಳಗೊಂದು ಎರಡು ಚೌಕಟ್ಟುಗಳಿರುತ್ತವೆ. ಎರಡೂ ಬೇರೆ ಬೇರೆ ದಿಕ್ಕಿಗೆ, ಲೆಕ್ಕಕ್ಕೆ ಸಿಗದಂತೆ ತಿರುಗುತ್ತವೆ. ನಡುವೆ ಇಟ್ಟ ಕೋಶಕ್ಕೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯುವುದೇ ಇಲ್ಲ. ಸಿಡ್ನಿಯ ಪ್ರಯೋಗ ನಡೆದದ್ದು ಇಂಥ ಯಂತ್ರದಲ್ಲಿ. ಸುದ್ದಿಯ ಶೀರ್ಷಿಕೆ ಓದಿದವರು ಅದು ಬಾಹ್ಯಾಕಾಶದಲ್ಲೇ ಆಯಿತೆಂದು ತಿಳಿಯಬಾರದು.

ಕೊಲಂಬಿಯಾ ಜತೆ ಹೋದ ಕೋಶಗಳು

1995ರ ಜುಲೈಯಲ್ಲಿ ಡಿಸ್ಕವರಿ ನೌಕೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಈ ಪಾತ್ರೆಯೊಳಗಿಟ್ಟು ಮೇಲೆ ಕಳಿಸಿ ನೋಡಿದರು. ಅವು ಉಂಡೆ ಕಟ್ಟಿ ಬೆಳೆದವು. ಇನ್ನೂ ದೊಡ್ಡ ಪ್ರಯತ್ನ ನಡೆದದ್ದು 2003ರ ಜನವರಿ 16ರಂದು ಹೊರಟ ಕೊಲಂಬಿಯಾದಲ್ಲಿ. ಹರಿಯಾಣದ ಕರ್ನಾಲದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರ ಕೊನೆಯ ಯಾತ್ರೆ ಅದು.

ಆ ನೌಕೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳನ್ನು ಮೂಳೆಯ ಕೋಶಗಳೊಂದಿಗೆ ಸೇರಿಸಿ ಬೆಳೆಸುತ್ತಿದ್ದರು. ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರ ಕ್ಯಾನ್ಸರ್ ಹರಡುವಾಗ ಹೆಚ್ಚಾಗಿ ಮೂಳೆಗೆ ಹೋಗುತ್ತದೆ. ಹೋದ ಮೇಲೆ ಮೂಳೆ ಅದಕ್ಕೆ ಹೇಗೆ ಆಸರೆ ಕೊಡುತ್ತದೆ ಎಂದು ತಿಳಿಯುವುದು ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಲೆಲ್ಯಾಂಡ್ ಚುಂಗ್ ಅವರ ತಂಡದ ಆಸೆ. ನೌಕೆಯಿಂದ ಬಂದ ಚಿತ್ರಗಳಲ್ಲಿ ಉಂಡೆಗಳು ನೆಲದ ಮೇಲಿನವಕ್ಕಿಂತ ಬಹಳ ದೊಡ್ಡದಾಗಿ ಬೆಳೆದದ್ದು ಕಂಡಿತ್ತು.

2003ರ ಫೆಬ್ರವರಿ 1ರಂದು ಮರಳಿ ಬರುವಾಗ ಕೊಲಂಬಿಯಾ ಒಡೆದು ಹೋಯಿತು. ಏಳು ಮಂದಿಯೂ ತೀರಿಕೊಂಡರು. ಕೋಶಗಳೂ ಅವರೊಂದಿಗೆ ಹೋದವು. ಚಿತ್ರಗಳು ಉಳಿದವು, ಸೂಕ್ಷ್ಮದರ್ಶಕದಡಿ ಇಟ್ಟು ನೋಡಲು ಏನೂ ಉಳಿಯಲಿಲ್ಲ.

ಬಲ ಕಳೆದುಕೊಳ್ಳುವ ಕೋಶ

ಮುಂದಿನ ಮುಖ್ಯ ಪ್ರಯೋಗ 2011ರದ್ದು. ಚೀನಾದ ಶೆಂಝೌ-8 ಎಂಬ ಮನುಷ್ಯರಿಲ್ಲದ ನೌಕೆ ನವೆಂಬರ್ 1ರಂದು ಹೋಗಿ 17ರಂದು ಹಿಂದಿರುಗಿತು. ಅದರಲ್ಲಿ ಜರ್ಮನಿಯ ವಿಜ್ಞಾನಿಗಳ ಪ್ರಯೋಗದ ಪೆಟ್ಟಿಗೆಯಿತ್ತು. ಮಾಗ್ಡೆಬರ್ಗ್ ವಿಶ್ವವಿದ್ಯಾಲಯದ ಡೇನಿಯೆಲಾ ಗ್ರಿಮ್ ಅವರ ತಂಡ ಥೈರಾಯ್ಡ್ ಕ್ಯಾನ್ಸರ್ ಕೋಶಗಳನ್ನು ಕಳಿಸಿತ್ತು. ಕೋಶಗಳು ತಾವಾಗಿಯೇ ಉಂಡೆ ಕಟ್ಟಿದವು. ಅಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಬೆಳವಣಿಗೆಯನ್ನು ಪ್ರಚೋದಿಸುವ ಕೆಲವು ಜೀನ್‌ಗಳು ಅಲ್ಲಿ ನೆಲದಲ್ಲಿರುವುದಕ್ಕಿಂತ ಮಂದವಾಗಿದ್ದವು. ಕೋಶದ ಉಗ್ರತೆ ಸ್ವಲ್ಪ ತಗ್ಗಿದಂತೆ ಕಂಡಿತು. ಯಾವ ಜೀನ್ ತಗ್ಗಿತು ಎಂದು ತಿಳಿದರೆ ಅದನ್ನು ಔಷಧದಿಂದ ತಗ್ಗಿಸುವ ದಾರಿಯೂ ಸಿಕ್ಕೀತು ಎಂಬುದು ಈ ಸಂಶೋಧನೆಯ ಹಿಂದಿನ ಲೆಕ್ಕ.

ಸಿಡ್ನಿಯಲ್ಲಿ ಪರೀಕ್ಷಿಸಿದ್ದು ಅಂಡಾಶಯ, ಸ್ತನ, ಮೂಗು ಮತ್ತು ಶ್ವಾಸಕೋಶದ ಕ್ಯಾನ್ಸರ್ ಕೋಶಗಳನ್ನು. ಯಾವ ಔಷಧವನ್ನೂ ಕೊಟ್ಟಿರಲಿಲ್ಲ. ತೂಕದ ಅರಿವು ಹೋದಾಗ ಕೋಶಗಳು ಸುತ್ತಲಿನದನ್ನು ಗ್ರಹಿಸಲಾರದೆ ಹೋಗುತ್ತವೆ ಎಂಬುದು ಚೌ ಅವರ ವಿವರಣೆ. ಇದಕ್ಕೆ ಆಧಾರವಿದೆ. ದೇಹದ ಹೆಚ್ಚಿನ ಕೋಶಗಳು ಯಾವುದಾದರೊಂದು ಆಸರೆಗೆ ಅಂಟಿಕೊಂಡೇ ಬದುಕುತ್ತವೆ. ಆಸರೆ ತಪ್ಪಿದರೆ ತಮ್ಮನ್ನು ತಾವೇ ಕೊಂದುಕೊಳ್ಳುವ ವ್ಯವಸ್ಥೆ ಅವುಗಳೊಳಗೇ ಇದೆ.

ಆದರೆ ಇಲ್ಲಿ ಎರಡು ಮಾತು ನೆನಪಿಡಬೇಕು. ಮೊದಲನೆಯದಾಗಿ, ನಿಷ್ಕ್ರಿಯವಾಗುವುದು ಎಂದರೆ ಪೂರ್ತಿ ಸಾಯುವುದು ಎಂದಲ್ಲ. ಸ್ತನ ಕ್ಯಾನ್ಸರಿನ ಕೆಲವು ಕೋಶಗಳನ್ನು ತಿರುಗುವ ಯಂತ್ರದಲ್ಲಿಟ್ಟಾಗ ರೂಪ, ನಡವಳಿಕೆ ಬದಲಾದರೂ, ಮತ್ತೆ ಸಾಮಾನ್ಯ ತೂಕಕ್ಕೆ ತಂದಾಗ ಅವು ಹಳೆಯ ಚಾಳಿಗೇ ಮರಳಿದ್ದು ಕಂಡುಬಂದಿದೆ. ಎರಡನೆಯದಾಗಿ, ಶೇಕಡಾ 90 ಹೋಗಿ 10 ಉಳಿದರೂ ಕ್ಯಾನ್ಸರ್ ಮತ್ತೆ ಬೆಳೆಯಬಲ್ಲದು. ರೋಗಿ ಒಮ್ಮೆ ಗುಣವಾದಂತೆ ಕಂಡು ಮತ್ತೆ ಹಾಸಿಗೆ ಹಿಡಿಯುವುದನ್ನು ಎಷ್ಟೋ ಮನೆಗಳು ಕಂಡಿವೆ. ಅದಕ್ಕೆ ಕಾರಣ ಚಿಕಿತ್ಸೆಯನ್ನು ತಡೆದುಕೊಂಡು ಉಳಿಯುವ ಕೆಲವೇ ಕೋಶಗಳು.

ಮೂರು ಪಟ್ಟು ಬೆಳೆದ ಕೋಶ

ಸ್ಯಾನ್ ಡಿಯಾಗೋದ ಪ್ರಯೋಗ ನಡೆದದ್ದು ನಿಜವಾದ ಬಾಹ್ಯಾಕಾಶದಲ್ಲಿ. 2023ರ ಮೇ ತಿಂಗಳಲ್ಲಿ ಹೋದ ಆಕ್ಸಿಯಂ-2 ಯಾತ್ರೆಯಲ್ಲಿ ವೈದ್ಯೆ ಕ್ಯಾಟ್ರಿಯೋನಾ ಜೇಮಿಸನ್ ಅವರ ತಂಡ ಕ್ಯಾನ್ಸರಿನ ಸಣ್ಣ ಉಂಡೆಗಳನ್ನು ಕಳಿಸಿತು. ಇವು ಒಂಟಿ ಕೋಶಗಳಲ್ಲ, ಗಡ್ಡೆಯ ರಚನೆಯನ್ನು ಹೋಲುವಂತೆ ಮೊದಲೇ ಬೆಳೆಸಿದ ಕೋಶಗುಚ್ಛಗಳು. ಹತ್ತು ದಿನದಲ್ಲಿ ಅವು ಮೂರು ಪಟ್ಟಾದವು. ದೇಹದಲ್ಲಿ ಹೆಚ್ಚು ಕಾಲ ಹಿಡಿಯುವ ಬೆಳವಣಿಗೆ ಅಲ್ಲಿ ಬೇಗನೆ ನಡೆದುಹೋಯಿತು.

ಇದರ ಹಿಂದೆ ಅಡಾರ್-1 ಎಂಬ ಜೀನಿನ ಕೈವಾಡ ಕಂಡಿತು. ಕೋಶದ ಕೇಂದ್ರದಿಂದ ಹೊರಡುವ ಆದೇಶಗಳ ನಕಲಿಗೆ ಆರ್‌ಎನ್‌ಎ ಎನ್ನುತ್ತಾರೆ. ಆ ನಕಲಿನ ಅಕ್ಷರಗಳನ್ನು ತಿದ್ದುವುದು ಈ ಜೀನಿನಿಂದಾಗುವ ಪ್ರೋಟೀನಿನ ಕೆಲಸ. ಆರೋಗ್ಯವಂತ ದೇಹಕ್ಕೂ ಅದು ಬೇಕು. ಆದರೆ ಅದು ಅತಿಯಾದಾಗ ಕ್ಯಾನ್ಸರ್ ಕೋಶ ತನ್ನಂಥವನ್ನೇ ಮತ್ತೆ ಮತ್ತೆ ಹುಟ್ಟಿಸುತ್ತದೆ, ದೇಹದ ಕಾವಲಿನ ಕಣ್ಣಿಗೂ ಬೀಳದೆ ತಪ್ಪಿಸಿಕೊಳ್ಳುತ್ತದೆ. ಬಾಹ್ಯಾಕಾಶದ ಸಂಕಷ್ಟದಲ್ಲಿ ಈ ಜೀನ್ ಚುರುಕಾಗಿತ್ತು.

ಹಾಗಾದರೆ ಅದನ್ನು ತಡೆದರೆ? ಫೆಡ್ರಾಟಿನಿಬ್ ಮತ್ತು ರೆಬೆಕ್ಸಿನಿಬ್ ಎಂಬ ಎರಡು ಔಷಧಗಳನ್ನು ಆ ಉಂಡೆಗಳ ಮೇಲೆ ಪರೀಕ್ಷಿಸಿದರು. ಮೊದಲನೆಯದು ಅಸ್ಥಿಮಜ್ಜೆಯ ಒಂದು ಕಾಯಿಲೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ. ಎರಡನೆಯದು ಅಡಾರ್-1ನ್ನೇ ಗುರಿಯಾಗಿಟ್ಟು ರೂಪಿಸಿದ್ದು. ಎರಡೂ ಬೆಳವಣಿಗೆಯನ್ನು ತಡೆದವು, ರೆಬೆಕ್ಸಿನಿಬ್ ಹೆಚ್ಚು ಗಟ್ಟಿಯಾಗಿ ತಡೆಯಿತು. 2024ರ ಜನವರಿಯಲ್ಲಿ ಹೋದ ಆಕ್ಸಿಯಂ-3ರಲ್ಲಿ ಈ ಕೆಲಸ ಮುಂದುವರಿಯಿತು. ಶುಕ್ಲಾ ಇದ್ದ ಯಾತ್ರೆಯ ಕೋಶಗಳು ಇದರದ್ದೇ ಮುಂದಿನ ಹಂತ.

ಎರಡು ಉತ್ತರ ಏಕೆ?

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಒಂದೆಡೆ ಸಾಯುವುದು, ಇನ್ನೊಂದೆಡೆ ಬೆಳೆಯುವುದು ಹೇಗೆ?

ಸಿಡ್ನಿಯಲ್ಲಿ ಬಳಸಿದ್ದು ತಿರುಗುವ ಯಂತ್ರ, ಅಲ್ಲಿ ಬಾಹ್ಯಾಕಾಶದ ವಿಕಿರಣ ಇರಲಿಲ್ಲ. ನಿಲ್ದಾಣದಲ್ಲಿ ತೂಕವಿಲ್ಲದಿರುವುದರ ಜತೆಗೆ ವಿಕಿರಣವೂ ಇತ್ತು. ಸಿಡ್ನಿಯವರು ನೋಡಿದ್ದು ಒಂದು ದಿನದ ಪರಿಣಾಮ, ಅಮೆರಿಕದವರು ನೋಡಿದ್ದು ಹತ್ತು ದಿನದ್ದು. ಆಸರೆ ತಪ್ಪಿದ ಬಿಡಿ ಕೋಶ ಒಂದು ರೀತಿ ವರ್ತಿಸಿದರೆ, ಗುಂಪು ಕಟ್ಟಿಕೊಂಡು ಒಂದಕ್ಕೊಂದು ಆಸರೆಯಾದ ಕೋಶ ಇನ್ನೊಂದು ರೀತಿ ವರ್ತಿಸುತ್ತದೆ. ಇದಲ್ಲದೆ ಕ್ಯಾನ್ಸರ್ ಒಂದೇ ರೋಗವಲ್ಲ. ಥೈರಾಯ್ಡಿನದೇ ಬೇರೆ, ಸ್ತನದ್ದೇ ಬೇರೆ, ರಕ್ತದ್ದೇ ಬೇರೆ.

ಆದ್ದರಿಂದಲೇ ಇಂಥ ಪ್ರಯೋಗ ಮಾಡುವಾಗ ಮೇಲೆ ಕಳಿಸಿದ ಕೋಶಗಳ ಜೋಡಿಯನ್ನು ನೆಲದ ಮೇಲೂ ಅದೇ ಶಾಖದಲ್ಲಿ, ಅದೇ ಆಹಾರ ಕೊಟ್ಟು ಬೆಳೆಸುತ್ತಾರೆ. ಕೆಲವು ಪೆಟ್ಟಿಗೆಗಳಲ್ಲಿ ನೌಕೆಯೊಳಗೇ ಗಿರ್ರನೆ ತಿರುಗಿಸಿ ಕೃತಕವಾಗಿ ತೂಕ ಕೊಡುವ ಏರ್ಪಾಡೂ ಇರುತ್ತದೆ. ಆಗ ಯಾವುದು ತೂಕವಿಲ್ಲದ್ದರ ಪರಿಣಾಮ, ಯಾವುದು ವಿಕಿರಣದ್ದು, ಯಾವುದು ರಾಕೆಟ್ಟಿನ ಅದುರಿಕೆಯದ್ದು ಎಂದು ಬೇರ್ಪಡಿಸಬಹುದು.

ಔಷಧದ ಹರಳು

ಕೋಶ ಮಾತ್ರವಲ್ಲ, ಔಷಧವೂ ಮೇಲೆ ಹೋಗಿ ಬಂದಿದೆ. ಮರ್ಕ್ ಕಂಪನಿಯ ಪೆಂಬ್ರೊಲಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧವನ್ನು ಸಾಮಾನ್ಯವಾಗಿ ರಕ್ತನಾಳದ ಮೂಲಕ ಸುಮಾರು ಅರ್ಧ ಗಂಟೆ ಹನಿಹನಿಯಾಗಿ ಕೊಡಬೇಕು. ದೂರದ ಊರಿನ ರೋಗಿಗೆ ಪ್ರತಿ ಸಲವೂ ಆಸ್ಪತ್ರೆಗೆ ಹೋಗಿ ಮಲಗುವ ತೊಂದರೆ. ಔಷಧವನ್ನು ನುಣುಪಾದ, ಒಂದೇ ಗಾತ್ರದ ಹರಳುಗಳನ್ನಾಗಿ ಮಾಡಿದರೆ ಚರ್ಮದಡಿಯ ಚುಚ್ಚುಮದ್ದಾಗಿ ಕೊಡಬಹುದೇ ಎಂದು ಕಂಪನಿಯ ವಿಜ್ಞಾನಿಗಳು 2017ರಲ್ಲಿ ನಿಲ್ದಾಣದಲ್ಲಿ ಪರೀಕ್ಷಿಸಿದರು. ಬೆಲ್ಲದ ಪಾಕವನ್ನು ಕಲಕದೆ ಬಿಟ್ಟರೆ ಹರಳು ಕಟ್ಟುವ ಬಗೆ ಬೇರೆಯಲ್ಲವೇ? ದ್ರವ ತಾನಾಗಿ ಕಲಕದ, ಏನೂ ತಳಕ್ಕಿಳಿಯದ ಆ ಸ್ಥಿತಿಯಲ್ಲಿ ಹರಳುಗಳು ನೆಲದಲ್ಲಿ ಆಗುವುದಕ್ಕಿಂತ ಸಣ್ಣದಾಗಿ, ಸಮನಾಗಿ ಬಂದವು. 2019ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

2025ರ ಸೆಪ್ಟೆಂಬರಿನಲ್ಲಿ ಇದೇ ಔಷಧದ ಚರ್ಮದಡಿಯ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಅದನ್ನು ತಯಾರಿಸಿದ್ದು ಹರಳಿನಿಂದಲ್ಲ, ಔಷಧ ಚರ್ಮದಡಿ ಹರಡಲು ನೆರವಾಗುವ ಒಂದು ಕಿಣ್ವವನ್ನು ಬೆರೆಸಿ. ಗುರಿ ಒಂದೇ ಆದರೂ ಅಲ್ಲಿಗೆ ಮುಟ್ಟಿದ ದಾರಿ ಬೇರೆ.

ರೋಗಿಯನ್ನೇ ಕಳಿಸಿದರೆ?

ಕೋಶ ಬಲ ಕಳೆದುಕೊಳ್ಳುವುದಾದರೆ ರೋಗಿಯನ್ನೇ ತೂಕವಿಲ್ಲದ ಕಡೆ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಅಲ್ಲಿ ಹೋದ ಆರೋಗ್ಯವಂತರಿಗೇ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಇಳಿಯುತ್ತದೆ. ದಿನವೂ ಗಂಟೆಗಟ್ಟಲೆ ವ್ಯಾಯಾಮ ಮಾಡದಿದ್ದರೆ ಸ್ನಾಯು ಕರಗುತ್ತದೆ. ಕೊಗೊಲಿ ಅವರ ಪ್ರಯೋಗದಲ್ಲಿ ಕಂಡಂತೆ ರೋಗದೊಂದಿಗೆ ಹೋರಾಡುವ ಬಿಳಿಯ ಕಣಗಳೂ ಮಂಕಾಗುತ್ತವೆ. ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲುವ ಕೆಲಸ ಆ ಕಣಗಳದ್ದೇ.

ವಿಕಿರಣದ ಲೆಕ್ಕವೂ ಇದೆ. ನೆಲದ ಮೇಲೆ ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ನಿಲ್ದಾಣದಲ್ಲಿ ಆರು ತಿಂಗಳಿದ್ದವರಿಗೆ ತಾಗುವುದು 80ರಿಂದ 160 ಮಿಲಿಸೀವರ್ಟ್. ಅಂದರೆ ಹಲವು ದಶಕಗಳದ್ದು ಅರ್ಧ ವರ್ಷದಲ್ಲಿ. ಗಗನಯಾತ್ರಿಗಳಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯವನ್ನು ಹೆಚ್ಚಿಸುವ ಜಾಗವದು.

ಊರಿನ ರೋಗಿಗೆ ಇದರಿಂದೇನು?

ಇಷ್ಟು ವರ್ಷಗಳ ಪ್ರಯೋಗದಿಂದ ಹೊರಬಂದ ತಿಳಿವಳಿಕೆಯನ್ನು ಚಿಕ್ಕದಾಗಿ ಹೀಗೆ ಹೇಳಬಹುದು. ತೂಕವಿಲ್ಲದ ಸ್ಥಿತಿ ಕ್ಯಾನ್ಸರಿನ ಔಷಧವಲ್ಲ. ಅದು ಕ್ಯಾನ್ಸರಿನ ಪರೀಕ್ಷಾ ಕೊಠಡಿ. ಗಡ್ಡೆ ದೇಹದಲ್ಲಿರುವಂತೆಯೇ ಅಲ್ಲಿ ಬೆಳೆಯುತ್ತದೆ, ಬೇಗನೆ ಬೆಳೆಯುತ್ತದೆ, ಯಾವ ಜೀನಿನ ಬಲದಿಂದ ಬೆಳೆಯುತ್ತದೆ ಎಂಬುದೂ ಕಾಣುತ್ತದೆ. ಅಲ್ಲಿ ಗೆದ್ದ ಔಷಧ ಆಮೇಲೆ ನೆಲದ ಮೇಲೆ ಪ್ರಾಣಿಗಳ ಮೇಲೆ, ಮನುಷ್ಯರ ಮೇಲೆ ಹಂತ ಹಂತವಾಗಿ ಪರೀಕ್ಷೆಗೊಳಪಟ್ಟು ಆಸ್ಪತ್ರೆಗೆ ಬರಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಆದ್ದರಿಂದ ತೂಕ ತೆಗೆಯುವ ಯಂತ್ರದಿಂದ ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಯಾರಾದರೂ, ಯಾವ ಭಾಷೆಯಲ್ಲಿ ಹೇಳಿದರೂ ಹಣ ಕೊಡಬೇಡಿ. ತಿರುಗುವ ಯಂತ್ರ ತಟ್ಟೆಯಲ್ಲಿರುವ ಕೋಶಕ್ಕೆ ಮಾತ್ರ, ಮನುಷ್ಯನಿಗಲ್ಲ. ಮೊಬೈಲಿಗೆ ಬಂದ ಸುದ್ದಿಯನ್ನು ನಂಬಿ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸುವುದಂತೂ ಕೂಡದು.

ಭಾರತದಲ್ಲಿ ಹೆಚ್ಚು ಕಾಣುವ ಕ್ಯಾನ್ಸರುಗಳು ಬಾಯಿಯದ್ದು, ಸ್ತನದ್ದು, ಗರ್ಭಕೋಶದ ಕೊರಳಿನದ್ದು. ಇವು ಮೂರನ್ನೂ ಬೇಗ ಕಂಡುಹಿಡಿಯಲು ಸಾಧ್ಯ. 30 ವರ್ಷ ದಾಟಿದವರಿಗೆ ಈ ಮೂರರ ತಪಾಸಣೆ ಮಾಡುವುದು ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ಗಡಿಯ ಆಚೆ ಈಚೆ ಎಂಬ ಭೇದವಿಲ್ಲದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ಕಾಣುವ ರಕ್ತಸ್ರಾವ ಇವುಗಳನ್ನು ಮುಚ್ಚಿಡಬಾರದು. ತಂಬಾಕಿನ ಜತೆಗೆ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಹಿತವಾದ ಮಾತಲ್ಲ, ಆದರೂ ತಿಳಿದಿರಬೇಕಾದ ಮಾತು.

ಆಕಾಶದ ಪ್ರಯೋಗದ ಫಲ ಔಷಧವಾಗಿ ಊರಿಗೆ ಬರುವ ದಿನ ಬರಲಿ. ಅಲ್ಲಿಯವರೆಗೆ ಬೇಗನೆ ತೋರಿಸಿಕೊಳ್ಳುವುದು ಮತ್ತು ಶುರುಮಾಡಿದ ಚಿಕಿತ್ಸೆಯನ್ನು ಪೂರ್ತಿಗೊಳಿಸುವುದು, ಇವೆರಡೇ ರೋಗಿಯ ಕೈಯಲ್ಲಿರುವ ಉಪಾಯ.